ಕನ್ನಡದಲ್ಲಿ ಓದಿ ಡೈವ್‌ಮಾಸ್ಟರ್ ಆದೆ

‘ಪರೀಕ್ಷಿ ಇಂಗ್ಲಿಷ್‌ನಾಗ ಐತಿ. ನೀ ಕನ್ನಡದಾಗ ಓದಿ ಏನ್ ಮಾಡ್ತಿ?’ ಬೋಟಿನ ಅಣ್ಣಂದಿರೆಲ್ಲ ಇದನ್ನೇ ಹೇಳಿದ್ದರು. ನಾನು ಕನ್ನಡದಲ್ಲೇ ಓದಿ ಪ್ಯಾಡಿ ಅನ್ನೋ ಡೈವಿಂಗ್ ಸಂಸ್ಥೆಯ ಡೈವ್‌ಮಾಸ್ಟರ್, ಅಂದರೆ ನೀರೊಳಗೆ ಡೈವರ್‌ಗಳನ್ನು ಕರೆದೊಯ್ಯುವವರ ಪರೀಕ್ಷೆ ಪಾಸಾದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಗದಗ ಕಡೆಯವರು, ಮನೆ ಗೋವಾದ ವಾಸ್ಕೋದ ಬೈನಾದಲ್ಲಿ. ಗ್ರ್ಯಾಂಡ್ ದ್ವೀಪಕ್ಕೆ ಹೋಗುವ ಡೈವಿಂಗ್ ಬೋಟಿನಲ್ಲಿ ಗಾಳಿ ಟ್ಯಾಂಕ್ ಹೊರುತ್ತಾ ಕೆಲಸ ಕಲಿತೆ. ನೀರಿನ ಪರೀಕ್ಷೆ ನನಗೆ ಕಷ್ಟ ಆಗಲಿಲ್ಲ. 400 ಮೀಟರ್ ಈಜಿಗೆ ಎಂಟು ನಿಮಿಷ ಚಿಲ್ಲರೆ ಹಿಡಿಯಿತು, 5ಕ್ಕೆ 4 ಅಂಕ ಬಂತು.

ಪೆಟ್ಟು ಬಿದ್ದಿದ್ದು ಥಿಯರಿಯಲ್ಲಿ. 60 ಪ್ರಶ್ನೆ, ಪಾಸಾಗಲು 45 ಸರಿ ಇರಬೇಕು. ನನಗೆ 40 ಬಂತೋ 41 ಬಂತೋ. ಕೋರ್ಸಿಗೆ ಆಗಲೇ ಅರವತ್ತು ಸಾವಿರದ ಹತ್ತಿರ ಹೋಗಿತ್ತು. ಅದರಲ್ಲಿ ಅರ್ಧ ಅವ್ವ ಮಹಿಳಾ ಸಂಘದಲ್ಲಿ ಎತ್ತಿದ ಸಾಲ. ಪೇಪರಿಗೂ ಮೊದಲು ಮಾದರಿ ಪ್ರಶ್ನೆಗಳಿಗೆ ಅಂತ ಐದಾರು ಸಾವಿರ ಬೇರೆ ಸುರಿದಿದ್ದೆ. ದಂಡ. ಉತ್ತರ ಬಾಯಿಪಾಠ ಮಾಡಿದ್ದೆ, ಪ್ರಶ್ನೆಯಲ್ಲಿ ಅಂಕಿ ಬದಲಾದರೆ ಕೈ ನಡೆಯುತ್ತಿರಲಿಲ್ಲ.

ಜೂನ್‌ನಿಂದ ಮಳೆ, ಬೋಟ್ ಬಂದ್. ಇನ್ನೂರು ಪುಟದ ಎರಡು ನೋಟ್‌ಬುಕ್ ತಂದೆ. ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡೋದು), ಬಿಸಿಡಿ (ಗಾಳಿ ತುಂಬಿ ತೇಲುವ ಜಾಕೆಟ್), ನೈಟ್ರೋಜನ್ ಇವಕ್ಕೆ ಕನ್ನಡ ಪದ ಹುಡುಕಲಿಲ್ಲ. ಕಾರಣಗಳನ್ನು ಮಾತ್ರ ನಮ್ಮ ಮಾತಿನಲ್ಲಿ ಬರೆದೆ. ಬರೆದದ್ದನ್ನು ಒಂಬತ್ತನೇ ಕ್ಲಾಸಿನ ತಮ್ಮನಿಗೆ ಹೇಳುತ್ತಿದ್ದೆ. ಅವನು ‘ಯಾಕ?’ ಅಂತ ಕೇಳಿ ನಾನು ತಡವರಿಸಿದರೆ ಆ ಪುಟ ಹರಿದು ಮತ್ತೆ ಬರೆಯುತ್ತಿದ್ದೆ.

ಲಿಫ್ಟ್ ಬ್ಯಾಗ್ ಅಂದರೆ ಗಾಳಿ ತುಂಬಿ ತಳದ ಭಾರವನ್ನು ಮೇಲೆತ್ತುವ ಚೀಲ. ಅದರ ಲೆಕ್ಕವನ್ನೇ ನೋಡಿ. ಸಮುದ್ರದ ತಳದಲ್ಲಿ 200 ಕಿಲೋ ಎಂಜಿನ್ ಬಿದ್ದಿದೆ, ಅದು 100 ಲೀಟರ್ ಜಾಗ ಹಿಡಿದಿದೆ. ನಾನು ಬರೆದುಕೊಂಡಿದ್ದು ಹೀಗೆ: ‘ಎಷ್ಟು ನೀರನ್ನು ಸರಿಸಿತೋ ಅಷ್ಟು ನೀರಿನ ಭಾರವನ್ನು ಸಮುದ್ರವೇ ಹೊರುತ್ತೆ. ಉಳಿದದ್ದು ನಮ್ಮ ಪಾಲು.’ ಒಂದು ಲೀಟರ್ ಉಪ್ಪುನೀರು 1.03 ಕಿಲೋ. ಹಾಗಾಗಿ ಸಮುದ್ರ ಹೊರೋದು 103, ನಮ್ಮ ಪಾಲು 97. ಅದನ್ನು 1.03ರಿಂದ ಭಾಗಿಸಿದರೆ ಬ್ಯಾಗಿಗೆ 94 ಲೀಟರ್ ಚಿಲ್ಲರೆ ಗಾಳಿ ಬೇಕು. ಆಮೇಲೆ ಈ ಲೆಕ್ಕ ಒಂದು ಸಲವೂ ತಪ್ಪಲಿಲ್ಲ.

ಆ 1.03 ನಿಜವೋ ಅಂತ ನೋಡುವ ಹುಚ್ಚೂ ಹತ್ತಿತು. ಒಂದು ಲೀಟರಿನ ಎರಡು ಬಾಟಲಿ ತಗೊಂಡು ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬೈನಾ ಬೀಚಿನ ನೀರು ತುಂಬಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟೆ. ಮೂವತ್ತು ಗ್ರಾಂ ಬರಬೇಕಿತ್ತು, ಇಪ್ಪತ್ತು ಗ್ರಾಂನಷ್ಟು ಫರಕು ಬಂತು. ಮಳೆಗಾಲ ಅಲ್ವಾ, ಪಕ್ಕದಲ್ಲೇ ಜುವಾರಿ ನದಿಯ ಸಿಹಿನೀರು ಬಂದು ಸೇರುತ್ತೆ. ಅದಕ್ಕೇ ಕಮ್ಮಿ ಬಂದಿರಬೇಕು.

ಅಕ್ಟೋಬರಿನಲ್ಲಿ ಬೋಟ್ ಶುರುವಾದ ಮೇಲೆ ಇನ್ನೊಂದು ಮಾಡಿದೆ. ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಮುಚ್ಚಳ ತೆಗೆದು ಬೋರಲು ಹಿಡಿದು ಕೆಳಗೆ ಒಯ್ದೆ. ಇಳಿದಂತೆ ಬಾಯಿಯಿಂದ ನೀರು ಮೇಲೇರುತ್ತಾ ಬಂತು. ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ 10 ಮೀಟರ್ ಆಳ ತೋರಿಸಿದಾಗ ಸರಿಯಾಗಿ ಅರ್ಧದ ಗೆರೆಗೆ ನಿಂತಿತ್ತು. ಒತ್ತಡ ಎರಡು ಪಟ್ಟಾದರೆ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತೆ ಅನ್ನೋ ಬಾಯ್ಲ್ ನಿಯಮವನ್ನು ಎಷ್ಟು ಸಲ ಓದಿದ್ದೆನೋ! ಕಣ್ಣಾರೆ ಕಂಡದ್ದು ಅವತ್ತೇ. ನೀರೊಳಗೇ ಖುಷಿಗೆ ಕೂಗಿದೆ.

ಇಂಗ್ಲಿಷಿನ ಕಾಟ ಇದ್ದದ್ದು ‘ನಾಟ್’, ‘ಎಕ್ಸೆಪ್ಟ್’ ಬರುವ ಪ್ರಶ್ನೆಗಳಲ್ಲಿ. ಅಂಥ ಪದ ಕಂಡ ತಕ್ಷಣ ಪೆನ್ಸಿಲಿನಲ್ಲಿ ಸುತ್ತು ಹಾಕುವ ರೂಢಿ ಮಾಡಿಕೊಂಡೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ನೋಡುವ ಆರ್‌ಡಿಪಿ ಟೇಬಲ್‌ನಲ್ಲಿ ಎರಡನೇ ಡೈವ್ ಲೆಕ್ಕ ತಪ್ಪದಂತೆ ಬೆರಳಲ್ಲಿ ಹಿಡಿಯುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ. ಬೈನಾಕ್ಕೆ ಬಂದವರಿಗೆ ತೋರಿಸುತ್ತೇನೆ.

ಎರಡನೇ ಸಲ ಅದೇ ಪೇಪರಿನಲ್ಲಿ 56. ನಮ್ಮ ಬೋಟಿನಲ್ಲಿ ಅಷ್ಟು ಯಾರಿಗೂ ಬಂದಿರಲಿಲ್ಲ. ಸಂಘದ ಸಾಲ ಹೋದ ಸೀಸನ್‌ನಲ್ಲೇ ತೀರಿತು. ಈಗ ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ಬೇಕಾದ 100 ಡೈವ್ ಕೂಡ ದಾಟಿದೆ. ದುಡ್ಡು ಕೂಡಿಸಬೇಕು. ಮೂರನೇ ನೋಟ್‌ಬುಕ್ ಶುರು ಮಾಡಿದ್ದೇನೆ.