ಗಣಿ ಮುಚ್ಚಿದ ಊರಿನ ಮ್ಯೂಸಿಯಂ: ಹೋಗುವ ಮುಂಚೆ, ಹೋದ ಮೇಲೆ

ಗಣಿ ಮುಚ್ಚಿಹೋದ ಊರುಗಳ ಮ್ಯೂಸಿಯಂ ಸಾಮಾನ್ಯವಾಗಿ ಚಿಕ್ಕದು. ಎಷ್ಟೋ ಕಡೆ ಊರಿನವರೇ ಬಿಡುವು ಮಾಡಿಕೊಂಡು ನಡೆಸುತ್ತಾರೆ, ಹಾಗಾಗಿ ದಿನಾ ಬಾಗಿಲು ತೆಗೆದಿರುತ್ತದೆ ಅಂತ ನಂಬಬೇಡಿ. ಮೊದಲು ಫೋನ್ ಮಾಡಿ. ಹಾಗೇ ಇನ್ನೊಂದು ಮಾತು ಕೇಳಿ: ಗಣಿಯಲ್ಲಿ ದುಡಿದವರು ಯಾರಾದರೂ ಅಲ್ಲಿ ಬರುತ್ತಾರಾ, ಯಾವಾಗ? ಅವರು ಬರುವ ದಿನವೇ ಹೋಗಿ.

ಒಳಗೆ ಕಾಲಿಟ್ಟ ತಕ್ಷಣ ದೊಡ್ಡ ಯಂತ್ರದ ಕಡೆ ಓಡಬೇಡಿ. ಬಿಲ್ಲೆಗಳ ಹಲಗೆ ಇದೆಯಾ ಅಂತ ಹುಡುಕಿ. ಎಷ್ಟೋ ಗಣಿಗಳಲ್ಲಿ ಪ್ರತಿ ಕಾರ್ಮಿಕನಿಗೂ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಕೆಳಗೆ ಇಳಿಯುವಾಗ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ವಾಪಸ್ ಕೊಡಬೇಕು. ಪಾಳಿ ಮುಗಿದ ಮೇಲೂ ಒಂದು ಮೊಳೆ ಖಾಲಿ ಇದ್ದರೆ ಆ ನಂಬರಿನವನು ಇನ್ನೂ ನೆಲದಡಿಯಲ್ಲೇ ಇದ್ದಾನೆ ಅಂತ. ಹತ್ತಿರ ಹೋಗಿ ನೋಡಿ, ಕೈಯಲ್ಲಿ ಓಡಾಡಿ ಓಡಾಡಿ ಅಂಚು, ಅಂಕಿ ಎಲ್ಲ ಸವೆದಿರುತ್ತವೆ. ನನ್ನ ಪ್ರಕಾರ ಇಡೀ ಮ್ಯೂಸಿಯಂನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದೇ.

ಆಮೇಲೆ ದೀಪಗಳು. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಅನ್ನುವ ಹತ್ತಿ ಉರಿಯುವ ಅನಿಲ ಸೇರಿಕೊಂಡಿದ್ದರೆ ತೆರೆದ ದೀಪವೊಂದೇ ಸಾಕು, ಸ್ಫೋಟವಾಗುತ್ತಿತ್ತು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ 92 ಜನ ಹಾಗೇ ಸತ್ತರು. 1815ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಜಾಲರಿ ಸುತ್ತಿದರು. ಬಿಸಿಯನ್ನು ಜಾಲರಿಯೇ ಹೀರಿಕೊಳ್ಳುವುದರಿಂದ ಬೆಂಕಿ ಹೊರಗಿನ ಅನಿಲಕ್ಕೆ ದಾಟುವುದಿಲ್ಲ, ಅನಿಲ ಇದ್ದರೆ ಜ್ವಾಲೆಯ ಮೇಲೊಂದು ನೀಲಿ ಪದರ ಕಾಣಿಸಿ ಎಚ್ಚರಿಕೆಯನ್ನೂ ಕೊಡುತ್ತದೆ. ಜಾಲರಿಯ ಕಣ್ಣು ಎಷ್ಟು ಚಿಕ್ಕದು ಅಂತ ಬಗ್ಗಿ ನೋಡಿ.

ಹಳೆಯ ಫೋಟೋಗಳಲ್ಲಿ ಮುಖಗಳ ವಯಸ್ಸು ಗಮನಿಸಿ. ಹತ್ತು ವರ್ಷ ತುಂಬದ ಹುಡುಗರನ್ನು ನೆಲದಡಿ ಇಳಿಸಬಾರದು ಅಂತ ಬ್ರಿಟನ್ನಿನಲ್ಲಿ ಕಾನೂನು ಬಂದಿದ್ದೇ 1842ರಲ್ಲಿ.

ಗಣಿಯಲ್ಲಿ ದುಡಿದವರು ಸಿಕ್ಕರೆ "ಕಷ್ಟ ಇತ್ತಾ" ಅಂತ ಸುಮ್ನೆ ಕೇಳಬೇಡಿ, ಅದಕ್ಕೆ ಏನಂತ ಹೇಳುತ್ತಾರೆ ಪಾಪ. ಲಿಫ್ಟಿಗೆ ಎಷ್ಟು ಸಲ ಗಂಟೆ ಹೊಡೆದರೆ ಏನರ್ಥ, ಚಾವಣಿಗೆ ಕೊಟ್ಟ ಮರದ ಕಂಬ ಮುರಿಯುವ ಮುಂಚೆ ಹೇಗೆ ಕಿರುಗುಟ್ಟುತ್ತಿತ್ತು ಅಂತ ಕೇಳಿ, ಮಾತು ತಾನಾಗೇ ಹರಿಯುತ್ತದೆ. ಕಲ್ಲಿನ ಧೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಅನ್ನುವ ಕಾಯಿಲೆ ಬಂದವರು ಅವರ ಮನೆಯಲ್ಲೇ ಇರಬಹುದು, ಆ ಮಾತನ್ನು ಅವರೇ ತೆಗೆಯಲಿ.

ಕೆಲವು ಕಡೆ ಗಣಿಯೊಳಗೂ ಕರೆದುಕೊಂಡು ಹೋಗುತ್ತಾರೆ. ಬ್ರಿಟನ್ನಿನ ವೇಲ್ಸಿನಲ್ಲಿರುವ ಬಿಗ್ ಪಿಟ್ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ 1983ರಲ್ಲಿ ಮ್ಯೂಸಿಯಂ ಆಯಿತು. ಅಲ್ಲಿ ಸುಮಾರು 90 ಮೀಟರ್ ಕೆಳಗೆ ಇಳಿಯುವ ಮುಂಚೆ ಫೋನ್, ಬ್ಯಾಟರಿ ವಾಚು ಎಲ್ಲ ಮೇಲೇ ಬಿಡಬೇಕು, ಕಿಡಿಯ ಭಯಕ್ಕೆ. ಗಟ್ಟಿ ಶೂ, ಒಂದು ಜಾಕೆಟ್ ಇರಲಿ. ಇಕ್ಕಟ್ಟು ಜಾಗ ಆಗದವರು ಮೊದಲೇ ಹೇಳಿ.

ಹೊರಗೆ ಬಂದ ಮೇಲೆ ಊರು ಸುತ್ತಿ, ಹಳೇ ನಕ್ಷೆಯ ಪ್ರತಿ ಸಿಕ್ಕರೆ ಕೈಯಲ್ಲಿರಲಿ. ಅಧಿಕಾರಿಗಳ ಮನೆ ಎಲ್ಲಿತ್ತು, ಕಾರ್ಮಿಕರ ಸಾಲುಮನೆ ಎಲ್ಲಿತ್ತು ಅಂತ ಹೋಲಿಸಿ. ಆದರೆ ಪಾಳುಬಿದ್ದ ಸುರಂಗದೊಳಗೆ ಮಾತ್ರ ಹೋಗಲೇಬೇಡಿ, ಆಮ್ಲಜನಕ ಕಮ್ಮಿ ಇದ್ದರೆ ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ತ್ಯಾಜ್ಯದ ದಿಬ್ಬ ಹತ್ತುವುದೂ ಬೇಡ, ಅದರಲ್ಲಿ ಆರ್ಸೆನಿಕ್, ಸೀಸದಂಥ ವಿಷ ಇರಬಹುದು.

ನಿಮ್ಮ ಮನೆಯಲ್ಲೇ ಗಣಿಯ ಹಳೇ ಫೋಟೋ ಇದ್ದರೆ ಅಲ್ಲಿಯವರಿಗೆ ತೋರಿಸಿ. ಕೊಡುವ ಮುಂಚೆ ಹಿಂದುಗಡೆ ಮೆತ್ತನೆ ಪೆನ್ಸಿಲಿನಲ್ಲಿ, ಅದರಲ್ಲಿರುವವರು ಯಾರು, ಯಾವ ವರ್ಷ ಅಂತ ಬರೆದಿಡಿ.