ಓವರ್‌ಫ್ಲೋ ಆದ ಔಟ್‌ಬೋರ್ಡ್ ಇಂಜಿನ್‌ಗೆ
ದೋಣಿಯ ಹಿಂಬದಿಗೆ ಕೂರಿಸಿದ ಇಂಜಿನ್ ಹಗ್ಗ ಎಷ್ಟು ಎಳೆದರೂ ಹಿಡಿಯುತ್ತಿಲ್ಲ, ಪೆಟ್ರೋಲ್ ವಾಸನೆ ಜೋರಾಗಿದೆ ಅಂದ್ರೆ ಓವರ್‌ಫ್ಲೋ ಆಗಿದೆ, ಒಳಗೆ ಪೆಟ್ರೋಲ್ ಹೆಚ್ಚಾಗಿ ತುಂಬಿದೆ. ಸುಮ್ನೆ ಇನ್ನೂ ಚೋಕ್ ಎಳೆಯಬೇಡಿ. ಚೋಕ್ ಪೂರ್ತಿ ಒಳಗೆ ತಳ್ಳಿ, ಪೆಟ್ರೋಲ್ ಪೈಪ್ ಕಳಚಿ, ಹತ್ತು ನಿಮಿಷ ಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲೇ ಇಟ್ಟು, ಥ್ರಾಟಲ್ ಆದಷ್ಟು ತೆರೆದು ಹಗ್ಗ ಎಳೆಯಿರಿ. ಹಿಡಿದ ಕೂಡಲೇ ಥ್ರಾಟಲ್ ಇಳಿಸಿ, ಪೈಪ್ ಹಾಕಿ.

ಆಗಲೂ ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ. ಪ್ಲಗ್ ಇಲ್ಲದೆ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕುವಾಗ ಸ್ಟಾಪ್ ಸ್ವಿಚ್‌ನ ಕ್ಲಿಪ್ ತೆಗೆದಿರಲೇಬೇಕು, ಅದು ತೆಗೆದರೆ ಪ್ಲಗ್‌ಗೆ ಕಿಡಿ ಬರಲ್ಲ. ಕಿಡಿ ಹಾರಿದರೆ ಕಥೆ ಮುಗೀತು. ಬೀಡಿಯೂ ಆಮೇಲೆ, ಅಲ್ವಾ?

ನಾಡದೋಣಿಯ ಸೀಮೆಎಣ್ಣೆ ಇಂಜಿನ್ ಆದರೆ ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಪೆಟ್ರೋಲ್‌ನಲ್ಲಿ ಓಡಿಸಿ. ಕಾರ್ಬುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದರೆ ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗುವುದು ಕಷ್ಟ.