ಹಾಲಿನ ಸಂಘಕ್ಕೆ ಎಂಐಎಸ್: ಎಲ್ಲಿಂದ ಶುರು ಮಾಡಬೇಕು?

ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 11 ವರ್ಷ ಕಾರ್ಯದರ್ಶಿಯಾಗಿದ್ದೆ. ಈಗ ಅಕ್ಕಪಕ್ಕದ ಸಂಘದವರು ಬಂದು, "ಅಣ್ಣಾ, ಎಂಐಎಸ್ ಮಾಡ್ಬೇಕು, ಯಾವ ಸಾಫ್ಟ್‌ವೇರ್ ತಗೊಳ್ಳೋಣ?" ಎಂದು ಕೇಳುತ್ತಾರೆ. ಸಾಫ್ಟ್‌ವೇರ್ ಮಾತು ಆಮೇಲೆ. ತೀರ್ಮಾನ ಮಾಡುವವರ ಕೈಗೆ ಬೇಕಾದ ಲೆಕ್ಕ ಬೇಕಾದ ಹೊತ್ತಿಗೆ ಸಿಗಬೇಕು. ಆ ಏರ್ಪಾಡಿಗೇ ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ ಅನ್ನುವುದು.

ಮೊದಲು ಒಂದು ಹಾಳೆಯಲ್ಲಿ ಯಾರು, ಯಾವಾಗ, ಏನು ತೀರ್ಮಾನ ಮಾಡುತ್ತಾರೆ ಎಂದು ಬರೆಯಿರಿ. ಹಾಲು ತೆಗೆದುಕೊಳ್ಳಬೇಕೋ ಬೇಡವೋ ಎಂದು ಪರೀಕ್ಷಕ ದಿನಾ ಎರಡು ಹೊತ್ತು, ನಿಂತ ಜಾಗದಲ್ಲೇ ಹೇಳಬೇಕು. ಬಟವಾಡೆ ದಿನ ಯಾರಿಗೆ ಎಷ್ಟು, ಪಶು ಆಹಾರ ಎಷ್ಟು ಮೂಟೆ ತರಿಸಬೇಕು ಎನ್ನುವುದು ಕಾರ್ಯದರ್ಶಿಗೆ ಬೇಕು. ಹಾಲು ಏರಿತೋ ಇಳಿಯಿತೋ, ಲಾಭ ಎಷ್ಟು ಎನ್ನುವುದು ಆಡಳಿತ ಮಂಡಳಿಗೆ ತಿಂಗಳಿಗೊಮ್ಮೆ ಸಿಕ್ಕರೆ ಸಾಕು.

ದಿನಾ ಬರೆಯಬೇಕಾದ್ದು ಸ್ವಲ್ಪವೇ: ಸದಸ್ಯರ ಸಂಖ್ಯೆ, ತಾರೀಖು, ಹೊತ್ತು, ಲೀಟರ್, ಫ್ಯಾಟ್ (ಹಾಲಿನಲ್ಲಿ ಶೇಕಡಾ ಎಷ್ಟು ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಉಳಿದ ಘನ ಅಂಶ). ಲೆಕ್ಕ ಹೆಸರಿನ ಮೇಲೆ ಬೇಡ, ಸಂಖ್ಯೆಯ ಮೇಲಿರಲಿ. ನಮ್ಮಲ್ಲಿ ಒಂದೇ ಹೆಸರಿನವರು ಮೂವರಿದ್ದರು. ಒಮ್ಮೆ ಒಬ್ಬ ತಾಯಿಯ ಬಟವಾಡೆ ಇನ್ನೊಬ್ಬರ ಖಾತೆಗೆ ಹೋಯಿತು. ಮಗಳ ಫೀಸು ಕಟ್ಟಲು ಆ ದುಡ್ಡನ್ನೇ ಕಾಯುತ್ತಿದ್ದರು ಅವರು. ನನಗೆ ಅದು ಇವತ್ತಿಗೂ ಮರೆತಿಲ್ಲ.

ಅಳತೆಯ ಬಗ್ಗೆ ಜಾಸ್ತಿ ಎಚ್ಚರ ಬೇಕು. ತಕ್ಕಡಿ ಕಿಲೋ ತೋರಿಸುತ್ತದೆ, ಪುಸ್ತಕದಲ್ಲಿ ಲೀಟರ್ ಇರುತ್ತದೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಅಂದರೆ 412 ಲೀಟರ್ ಹಾಲು ಸುಮಾರು 424 ಕಿಲೋ. ತೆಗೆದುಕೊಂಡದ್ದನ್ನು ಕಿಲೋದಲ್ಲಿ, ಕಳಿಸಿದ್ದನ್ನು ಲೀಟರಿನಲ್ಲಿ ಬರೆದರೆ 12 ಕಡಿಮೆ ಬಂತಲ್ಲ ಎಂದು ಗಲಾಟೆ ಶುರು. ನಮ್ಮ ಪರೀಕ್ಷಕನ ಮೇಲೆ ಜನ ಸುಮ್ನೆ ಅನುಮಾನಪಟ್ಟಿದ್ದು ಹೀಗೇ.

ಫ್ಯಾಟಿನ ಸರಾಸರಿಯೂ ಅಷ್ಟೇ. ಒಬ್ಬರು 3.5 ಫ್ಯಾಟಿನ 10 ಲೀಟರ್, ಇನ್ನೊಬ್ಬರು 4.5 ಫ್ಯಾಟಿನ 2 ಲೀಟರ್ ಹಾಕಿದರೆ ಸರಾಸರಿ 4 ಅಲ್ಲ, ಸುಮಾರು 3.67. ಲೀಟರಿನಿಂದ ಗುಣಿಸಿ, ಕೂಡಿಸಿ, ಒಟ್ಟು ಲೀಟರಿನಿಂದ ಭಾಗಿಸಿ. ಅದನ್ನೇ, ಸಂಘದ ಹಾಲು ಕೊಳ್ಳುವ ಒಕ್ಕೂಟದವರು ಅಳೆದು ಕೊಟ್ಟ ಫ್ಯಾಟಿನ ಪಕ್ಕದಲ್ಲಿಟ್ಟು ನೋಡಿ. ತೆಗೆದುಕೊಂಡ ಹಾಲು, ಕಳಿಸಿದ್ದು ಮತ್ತು ಊರಲ್ಲೇ ಮಾರಿದ್ದರ ಮೊತ್ತಕ್ಕೆ ತಾಳೆಯಾಗುತ್ತದಾ ಎಂದು ಅದೇ ದಿನ ನೋಡಿಬಿಡಿ.

ಇದೆಲ್ಲ ನೋಟ್‌ಬುಕ್‌ನಲ್ಲಿ ಮೂರು ತಿಂಗಳು ತಪ್ಪದೆ ನಡೆದ ಮೇಲೆ ಸಾಫ್ಟ್‌ವೇರ್ ನೋಡಿ.

ಇನ್ನು ವರದಿ. ಎಲ್ಲ ಸದಸ್ಯರ ಉದ್ದದ ಪಟ್ಟಿ ಕೊಟ್ಟರೆ ಸಭೆಯಲ್ಲಿ ಯಾರೂ ಓದುವುದಿಲ್ಲ. ಹಿಂದಿನ ಬಟವಾಡೆಗಿಂತ ಹಾಲು ಕಾಲು ಭಾಗ ಇಳಿದವರ ಹೆಸರು ಮಾತ್ರ ಬೇರೆ ಮಾಡಿ. ನಾನು ಮೊದಲ ಸಲ ಹಾಗೆ ತೆಗೆದಾಗ ನಾಲ್ಕು ಹೆಸರು ಬಂದವು. ಸಂಜೆ ನಾಲ್ಕೂ ಮನೆಗೆ ಹೋದೆ. ಒಂದು ಹಸು ಗಬ್ಬವಾಗಿ ಹಾಲು ಬತ್ತಿಸಿತ್ತು. ಒಬ್ಬರು ಖಾಸಗಿ ಡೇರಿಗೆ ಹಾಕುತ್ತಿದ್ದರು. ಉಳಿದ ಎರಡು ಮನೆಯಲ್ಲಿ ಹಸುವಿಗೆ ಕೆಚ್ಚಲು ಬಾವು. ಮಾರನೇ ದಿನ ಬೆಳಿಗ್ಗೆಯೇ ಡಾಕ್ಟರನ್ನು ಕರೆಸಿದೆವು.